ಎಲೆಯ ಕಲೆಯನ್ನು ಅಳೆಯುವ ಬಗೆ

ಗುರುಪುರವಿರುವ ಹುಣಸೂರು ಸೀಮೆಯು ಹೊಗೆಸೊಪ್ಪಿಗೆ ಹೆಸರಾದುದು. ಆಲ್ಟರ್ನೇರಿಯ ಎಂಬ ಶಿಲೀಂಧ್ರವು ತಗುಲಿದರೆ ಈ ಎಲೆಯ ಮೇಲೆ ಕಂದು ಕಲೆಗಳೂ ಅವುಗಳ ಸುತ್ತ ಹಳದಿಯ ಬಳೆಗಳೂ ಮೂಡುತ್ತವೆ. ರೋಗವು ಎಲೆಯ ಎಷ್ಟು ಭಾಗವನ್ನು ಆವರಿಸಿದೆ? ಔಷಧಿಗೆ ಹಣ ಸುರಿಯುವ ಮುನ್ನ ಇದು ತಿಳಿಯಬೇಕು. ಕಣ್ಣಂದಾಜು ಸಾಲದು, ಚದರಿದ ಚಿಕ್ಕ ಕಲೆಗಳನ್ನು ಕಣ್ಣು ಸಾಮಾನ್ಯವಾಗಿ ಇರುವುದಕ್ಕಿಂತ ಹೆಚ್ಚೆಂದೇ ಎಣಿಸುತ್ತದೆ.

ಗ್ರಾಫ್ ಕಾಗದದ ಮೇಲೆ ಎಲೆಯ ಅಂಚನ್ನು ಬರೆದು ಚೌಕಗಳನ್ನು ಎಣಿಸುವುದು ಹಳೆಯ ಕ್ರಮ. ಇಂದಿನ ಛಾಯಾಚಿತ್ರವೂ ಅಂಥದೇ ಕಾಗದ. ಪಿಕ್ಸೆಲ್‌ಗಳೇ ಅದರ ಚೌಕಗಳು. ಎಲೆಯನ್ನು ಬಿಳಿಯ ಕಾಗದದ ಮೇಲೆ ಚಪ್ಪಟೆಯಾಗಿ ಹರಡಿ, ಪಕ್ಕದಲ್ಲಿ 5 ಸೆಂಟಿಮೀಟರ್ ಬದಿಯ ಕಪ್ಪು ಚೌಕವನ್ನಿಟ್ಟು, ನೇರ ಮೇಲಿನಿಂದ ಚಿತ್ರ ತೆಗೆಯಬೇಕು. ಗಿಂಪ್ ಎಂಬ ಉಚಿತ ತಂತ್ರಾಂಶದಲ್ಲಿ ಬಣ್ಣವನ್ನನುಸರಿಸಿ ಒಂದು ಭಾಗವನ್ನು ಆರಿಸಿದರೆ, ಅದರಲ್ಲಿರುವ ಪಿಕ್ಸೆಲ್‌ಗಳ ಸಂಖ್ಯೆಯನ್ನು ಹಿಸ್ಟೋಗ್ರಾಂ ತೋರಿಸುತ್ತದೆ.

ಚೌಕದಲ್ಲಿ 40,000 ಪಿಕ್ಸೆಲ್‌ಗಳಿವೆಯೆನ್ನೋಣ. ಅದರ ವಿಸ್ತೀರ್ಣ 25 ಚದರ ಸೆಂಟಿಮೀಟರ್. ಎಂದರೆ ಚದರ ಸೆಂಟಿಮೀಟರಿಗೆ 1,600. ಕಲೆಗಳಲ್ಲಿ 24,000 ಇದ್ದರೆ ಅವುಗಳ ವಿಸ್ತೀರ್ಣ 15 ಚದರ ಸೆಂಟಿಮೀಟರ್. ಇಡೀ ಎಲೆಯಲ್ಲಿ 4,80,000 ಇದ್ದರೆ ರೋಗವು ಶೇಕಡ 5 ಮಾತ್ರ.

ಆದರೆ ಕಂದು ಎಲ್ಲಿ ಮುಗಿದು ಹಳದಿ ಎಲ್ಲಿ ಮೊದಲಾಯಿತೆಂದು ಗೊತ್ತುಮಾಡುವವರು ನಾವೇ. ಆ ಮಿತಿಯನ್ನು ಒಮ್ಮೆ ನಿರ್ಧರಿಸಿ ಎಲ್ಲ ಎಲೆಗಳಿಗೂ ಅದನ್ನೇ ಬಳಸಬೇಕು; ಇಲ್ಲವಾದರೆ ಯಂತ್ರದ ಎಣಿಕೆಯೂ ಕಣ್ಣಂದಾಜೇ ಆದೀತು.