ಕುದುರೆಯ ಹಲ್ಲಿನ ಆರೈಕೆ

ಸಂತೆ ಜಾತ್ರೆಗಳಲ್ಲಿ ಕುದುರೆ ಕೊಳ್ಳುವವರು ಮೊದಲು ಮಾಡುವ ಕೆಲಸವೆಂದರೆ ಅದರ ತುಟಿ ಎತ್ತಿ ಹಲ್ಲು ನೋಡುವುದು. ವ್ಯಾಪಾರ ಕುದುರಿ ಪ್ರಾಣಿ ಮನೆಗೆ ಬಂದ ಮೇಲೆ ಅದರ ಬಾಯಿಯ ಕಡೆ ಮತ್ತೆ ಗಮನ ಹೋಗುವುದು ಅಪರೂಪ. ತಪ್ಪದೆ ಲಾಳ ಕಟ್ಟಿಸುವ ಒಡೆಯನೂ ಹಲ್ಲಿನ ವಿಷಯದಲ್ಲಿ ಉದಾಸೀನನಾಗಿರುತ್ತಾನೆ. ಪಂದ್ಯದ ಕುದುರೆಗಳಿಗೆ ಕಾಲಕಾಲಕ್ಕೆ ಹಲ್ಲಿನ ತಪಾಸಣೆ ನಡೆಯುತ್ತದೆ. ಆದರೆ ಮೈಸೂರು, ವಿಜಯಪುರಗಳ ಟಾಂಗಾ ಕುದುರೆಗಾಗಲಿ, ಬೆಳಗಾವಿ, ಬಾಗಲಕೋಟೆ ಕಡೆಯ ಕುರಿಗಾರರು ಹಿಂಡಿನೊಡನೆ ತಿರುಗುವಾಗ ಸಾಮಾನು ಹೊರಿಸುವ ತಟ್ಟುವಿಗಾಗಲಿ ಈ ಭಾಗ್ಯ ಸಾಮಾನ್ಯವಾಗಿ ಇಲ್ಲ.

ಇದರ ಪರಿಣಾಮ ಮೇವಿನ ಖರ್ಚಿನಲ್ಲಿ ಕಾಣುತ್ತದೆ. ಕುದುರೆ ಬಡಕಲಾಗುತ್ತ ಬಂದರೆ ಒಡೆಯನು ಹುರುಳಿ ಹೆಚ್ಚಿಸುತ್ತಾನೆ, ಜಂತಿನ ಔಷಧ ಕುಡಿಸುತ್ತಾನೆ. ಆದರೂ ಪಕ್ಕೆಲುಬು ಮುಚ್ಚುವುದಿಲ್ಲ. ಲದ್ದಿಯಲ್ಲಿ ಹುರುಳಿ ಇಡಿಯಾಗಿಯೇ ಬಿದ್ದಿರುತ್ತದೆ. ಇಂತಹ ಸಂದರ್ಭದಲ್ಲಿ ಕೊರತೆ ಇರುವುದು ಮೇವಿನಲ್ಲಿ ಅಲ್ಲ, ಅದನ್ನು ಅರೆಯುವ ಹಲ್ಲಿನಲ್ಲಿ.

ದನ ಸಾಕಿ ರೂಢಿಯಿರುವ ರೈತರಿಗೆ ಈ ಮಾತು ಸುಲಭವಾಗಿ ಹೊಳೆಯುವುದಿಲ್ಲ. ಎತ್ತು ಹಸುಗಳು ಅವಸರದಲ್ಲಿ ನುಂಗಿದ ಹುಲ್ಲನ್ನು ಆಮೇಲೆ ಬಾಯಿಗೆ ತಂದುಕೊಂಡು ಮೆಲುಕು ಹಾಕುತ್ತವೆ. ಕುದುರೆಗೆ ಆ ಸೌಲಭ್ಯವಿಲ್ಲ. ಅದು ಮೇವನ್ನು ಅರೆಯುವುದು ಒಂದೇ ಸಾರಿ, ಮಿಕ್ಕ ಕೆಲಸವೆಲ್ಲ ಹೊಟ್ಟೆಯದು. ಸರಿಯಾಗಿ ಅರೆಯದ ಒರಟು ಮೇವು ಕರುಳಿನಲ್ಲಿ ಕಟ್ಟಿಕೊಂಡು ಹೊಟ್ಟೆಶೂಲೆಗೂ, ಅನ್ನನಾಳದಲ್ಲಿ ಸಿಕ್ಕಿಕೊಂಡು ಉಸಿರಿಗೂ ಕಂಟಕ ತರಬಲ್ಲದು.

ಹಲ್ಲಿನ ರಚನೆ

ಕುದುರೆಯ ಬಾಯಲ್ಲಿ ಮುಂದೆ 12 ಬಾಚಿಹಲ್ಲುಗಳೂ, ಹಿಂದೆ ಸಾಲಿಗೆ 6ರಂತೆ 24 ದವಡೆಹಲ್ಲುಗಳೂ ಇರುತ್ತವೆ. ಗಂಡು ಕುದುರೆಗೆ ಸಾಮಾನ್ಯವಾಗಿ 4 ಕೋರೆಹಲ್ಲುಗಳು ಇರುತ್ತವೆ. ಹೆಣ್ಣಿನಲ್ಲಿ ಅವು ಕಾಣುವುದು ಕಡಿಮೆ. ಜಾತ್ರೆಯಲ್ಲಿ ತುಟಿ ಎತ್ತಿದಾಗ ಕಾಣುವುದು ಬಾಚಿಹಲ್ಲು ಮಾತ್ರ. ಹುಲ್ಲನ್ನು ಕತ್ತರಿಸಿಕೊಡುವುದಷ್ಟೇ ಅದರ ಕೆಲಸ. ಬೀಸುವ ಕಲ್ಲಿನ ಕೆಲಸ ಮಾಡುವ ದವಡೆಹಲ್ಲುಗಳು ಕೆನ್ನೆಯ ಮರೆಯಲ್ಲಿರುತ್ತವೆ. ತೊಂದರೆಯೆಲ್ಲ ಬಹುಮಟ್ಟಿಗೆ ಅಲ್ಲಿಯೇ.

ಮನುಷ್ಯನ ಹಲ್ಲಿನಂತೆ ಕುದುರೆಯ ಹಲ್ಲು ಒಮ್ಮೆ ಹುಟ್ಟಿ ನಿಲ್ಲುವುದಿಲ್ಲ. ಎಳೆಯ ಕುದುರೆಯ ಒಂದೊಂದು ದವಡೆಹಲ್ಲೂ 7ರಿಂದ 10 ಸೆಂ.ಮೀ. ಉದ್ದವಿದ್ದು, ಬಹುಭಾಗ ಮೂಳೆಯೊಳಗೆ ಹುದುಗಿರುತ್ತದೆ. ವರ್ಷಕ್ಕೆ 2-3 ಮಿ.ಮೀ.ನಷ್ಟು ಹೊರಬರುತ್ತದೆ, ಹೆಚ್ಚುಕಡಿಮೆ ಅಷ್ಟೇ ಸವೆಯುತ್ತದೆ. ಹುಲ್ಲಿನ ಜಾತಿಯ ಸಸ್ಯಗಳಲ್ಲೆಲ್ಲ ಮರಳಿನ ಅಂಶವಾದ ಸಿಲಿಕಾ ಇರುವುದರಿಂದ ಹಲ್ಲು ಸವೆಯುವುದು ಸ್ವಾಭಾವಿಕ. ಈ ಸವೆತಕ್ಕೆಂದೇ ಪ್ರಕೃತಿ ಇಟ್ಟ ಠೇವಣಿ ಮುಗಿದ ಮೇಲೆ ಮುದಿ ಕುದುರೆಯ ಹಲ್ಲು ಸಡಿಲಾಗಿ ಬೀಳುತ್ತದೆ.

ಮೇಲಿನ ದವಡೆ ಕೆಳಗಿನದಕ್ಕಿಂತ ಅಗಲ. ಆದ್ದರಿಂದ ಮೇಲಿನ ಹಲ್ಲುಗಳ ಹೊರ ಅಂಚೂ ಕೆಳಗಿನ ಹಲ್ಲುಗಳ ಒಳ ಅಂಚೂ ಪೂರ್ತಿ ಉಜ್ಜಲ್ಪಡದೆ ಚೂಪಾಗಿ ಉಳಿಯುತ್ತವೆ. ಮೇಲಿನ ಚೂಪು ಕೆನ್ನೆಯನ್ನೂ ಕೆಳಗಿನ ಚೂಪು ನಾಲಿಗೆಯನ್ನೂ ಕೊರೆದು ಹುಣ್ಣು ಮಾಡುತ್ತವೆ.

ಇಲ್ಲಿ ಮೇವಿನ ಪಾತ್ರ ದೊಡ್ಡದು. ಒಂದು ಕಿಲೋ ಒಣಹುಲ್ಲು ತಿನ್ನಲು ಕುದುರೆ ಸುಮಾರು 3,000 ಸಾರಿ ದವಡೆ ಆಡಿಸುತ್ತದೆ. ಅಷ್ಟೇ ತೂಕದ ಧಾನ್ಯಕ್ಕೆ 1,000 ಸಾರಿ ಸಾಕು. ಹುಲ್ಲು ಅರೆಯುವಾಗ ಕೆಳದವಡೆ ಅಡ್ಡಲಾಗಿ ಅಗಲವಾಗಿ ಸರಿಯುತ್ತದೆ, ಧಾನ್ಯ ಅಗಿಯುವಾಗ ಅಷ್ಟು ಸರಿಯುವುದಿಲ್ಲ. ಹೀಗಾಗಿ ಹುಲ್ಲು ಕಡಿಮೆ ಮಾಡಿ ಹುರುಳಿ, ಬೂಸಾ ಹೆಚ್ಚಿಸಿದಷ್ಟೂ ಅಂಚುಗಳು ಇನ್ನಷ್ಟು ಚೂಪಾಗುತ್ತವೆ. ಬಡಕಲಾದ ಕುದುರೆಗೆ ಧಾನ್ಯ ಹೆಚ್ಚಿಸುವ ವಾಡಿಕೆಯು ರೋಗಕ್ಕೇ ಮೇವು ಹಾಕಿದಂತಾಗುವುದು ಈ ಕಾರಣದಿಂದ. ದುಡಿಯುವ ಕುದುರೆಗೆ ಧಾನ್ಯ ಬೇಡವೆಂದಲ್ಲ. ಹುಲ್ಲು ಅದರ ಮುಖ್ಯ ಆಹಾರವಾಗಿರಬೇಕು, ಧಾನ್ಯ ಅದರ ಮೇಲಿನದು. ಹುಲ್ಲನ್ನು ಎತ್ತರದ ಗೋದಲಿಗಿಂತ ನೆಲಮಟ್ಟದಲ್ಲಿ ಹಾಕುವುದು ಲೇಸು. ತಲೆ ತಗ್ಗಿಸಿ ಮೇಯುವಾಗ ಕೆಳದವಡೆ ಸಹಜವಾಗಿ ಮುಂದೆ ಸರಿದು ಹಲ್ಲುಗಳು ಸಮನಾಗಿ ಕೂಡುತ್ತವೆ. ಮರಳು ನೆಲವಾದರೆ ಚಾಪೆಯನ್ನೋ ಅಗಲ ಬುಟ್ಟಿಯನ್ನೋ ಬಳಸಬೇಕು. ಚುಚ್ಚುವ ಊಬುಳ್ಳ ಹುಲ್ಲು ಒಸಡಿಗೆ ನಾಟಿ ಹುಣ್ಣಾಗುವುದರಿಂದ ಅದನ್ನು ತೆಗೆದುಹಾಕಬೇಕು.

ಗುರುತಿಸುವ ಬಗೆ

ಕುದುರೆ ತಿನ್ನುವುದನ್ನು ಹತ್ತು ನಿಮಿಷ ಸುಮ್ಮನೆ ನಿಂತು ನೋಡಿದರೆ ಅರ್ಧ ವಿಷಯ ತಿಳಿಯುತ್ತದೆ. ತಲೆ ಒಂದು ಕಡೆಗೆ ವಾಲಿಸಿ ಅಗಿಯುವುದು, ಅಗಿದ ಹುಲ್ಲನ್ನು ಉಂಡೆ ಮಾಡಿ ಉಗುಳುವುದು, ಧಾನ್ಯ ಬಾಯಿಂದ ಉದುರುವುದು, ನೀರಿನಲ್ಲಿ ಬಾಯಿ ಅದ್ದಿಕೊಂಡೇ ನಿಲ್ಲುವುದು, ಬಾಯಿ ದುರ್ವಾಸನೆ ಬೀರುವುದು ಮುಖ್ಯ ಲಕ್ಷಣಗಳು. ಒಂದು ಹಿಡಿ ಲದ್ದಿಯನ್ನು ನೀರಿನಲ್ಲಿ ಕದಡಿ ಜಾಲಿಸಿ ನೋಡಬಹುದು. ಅರ್ಧ ಅಂಗುಲಕ್ಕಿಂತ ಉದ್ದದ ನಾರು ಹೇರಳವಾಗಿ ಸಿಕ್ಕರೆ, ಇಡೀ ಕಾಳು ತೇಲಿದರೆ, ಅರೆಯುವುದು ಸರಿಯಾಗಿಲ್ಲವೆಂದೇ ತಿಳಿಯಬೇಕು. ಕೆನ್ನೆಯ ಹೊರಗಿನಿಂದ ಮೇಲಿನ ಹಲ್ಲಿನ ಸಾಲಿನ ಗುಂಟ ಬೆರಳಿನಿಂದ ಮೆಲ್ಲಗೆ ಒತ್ತಿದಾಗ ಕುದುರೆ ತಲೆ ಕೊಡವಿದರೆ ಅಲ್ಲಿ ನೋವಿದೆ. ಲಗಾಮು ಎಳೆದಾಗ ತಲೆ ಎಸೆಯುವುದು, ಒಂದೇ ಕಡೆಗೆ ತಿರುಗಲು ಒಪ್ಪದಿರುವುದು ಇವನ್ನು ಮೊಂಡುತನವೆಂದು ಚಾವಟಿ ಬೀಸುವ ಮುನ್ನ ಬಾಯಿ ನೋಡಿಸುವುದು ನ್ಯಾಯ. ಎಷ್ಟೋ ಸಲ ತುಕ್ಕು ಹಿಡಿದ, ತಂತಿ ಸುತ್ತಿದ ಕಡಿವಾಣವೇ ಅಪರಾಧಿಯಾಗಿರುತ್ತದೆ.

ಒಂದೇ ಹೊಳ್ಳೆಯಿಂದ ದುರ್ವಾಸನೆಯ ಕೀವು ಸುರಿಯುತ್ತಿದ್ದರೆ ಮೇಲಿನ ದವಡೆಹಲ್ಲಿನ ಬೇರು ಕೊಳೆತಿರುವ ಸಂಭವವಿದೆ. ಆದರೆ ಮೂಗಿನ ಸುರಿತ ಗ್ಲಾಂಡರ್ಸ್ ರೋಗದಿಂದಲೂ ಬರಬಹುದು. ಅದು ಮನುಷ್ಯರಿಗೂ ಅಂಟುವ, 2009ರ ಪ್ರಾಣಿ ಸಾಂಕ್ರಾಮಿಕ ರೋಗಗಳ ಕಾಯಿದೆಯಂತೆ ವರದಿ ಮಾಡಲೇಬೇಕಾದ ರೋಗ. ಅಂತಹ ಕುದುರೆಯನ್ನು ಪ್ರತ್ಯೇಕವಾಗಿ ಕಟ್ಟಿ, ಪಶುವೈದ್ಯರಿಗೆ ತಿಳಿಸಬೇಕು.

ಇನ್ನೊಂದು ಎಚ್ಚರಿಕೆ ಇದಕ್ಕಿಂತ ಮುಖ್ಯವಾದದ್ದು. ನುಂಗಲಾರದೆ ಜೊಲ್ಲು ಸುರಿಸುವ ಕುದುರೆಯ ಗಂಟಲಲ್ಲಿ ಏನೋ ಸಿಕ್ಕಿರಬೇಕೆಂದು ಬರಿಗೈ ಹಾಕುವವರಿದ್ದಾರೆ. ಹುಚ್ಚುನಾಯಿ ಕಚ್ಚಿದ ಕುದುರೆಯೂ ಹೀಗೆಯೇ ಜೊಲ್ಲು ಸುರಿಸುತ್ತದೆ. ಅದರ ಜೊಲ್ಲು ಗಾಯಕ್ಕೆ ತಗುಲಿದರೆ ಪ್ರಾಣಕ್ಕೆ ಅಪಾಯ. ಕೈ ಹಾಕಿದ್ದಾಗಿದ್ದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು.

ಅರ ಹಾಕಿಸುವುದು

ಚೂಪಾದ ಅಂಚುಗಳನ್ನು ಉದ್ದ ಹಿಡಿಯ ಅರದಿಂದ ಉಜ್ಜಿ ತೆಗೆಯುವುದು ಪಶುವೈದ್ಯರ ಕೆಲಸ. ಅವರು ಕುದುರೆಗೆ ಮಂಪರು ಬರಿಸುವ ಚುಚ್ಚುಮದ್ದು ಕೊಟ್ಟು, ಬಾಯಿ ತೆರೆದಿಡುವ ಸಾಧನ ತೊಡಿಸಿ, ದೀಪದ ಬೆಳಕಿನಲ್ಲಿ ಕೊನೆಯ ಹಲ್ಲಿನವರೆಗೂ ಪರೀಕ್ಷಿಸುತ್ತಾರೆ. ಕಮ್ಮಾರರ ಅರ ತಂದು, ನಾಲ್ವರು ಹಿಡಿದು, ಹಲ್ಲು ನುಣ್ಣಗೆ ಮಾಡಿಬಿಡುವ ಸಾಹಸ ಸಲ್ಲದು. ಅರೆಯುವ ಮೈ ಒರಟಾಗಿಯೇ ಇರಬೇಕು. ಬೀಸುವ ಕಲ್ಲು ನುಣುಪಾದರೆ ಉಳಿಯಿಂದ ಕಚ್ಚು ಕೊಡಿಸುವುದು ಹೆಂಗಸರಿಗೆಲ್ಲ ಗೊತ್ತಿರುವ ಸಂಗತಿ. ಹಲ್ಲಿಗೂ ಅದೇ ನ್ಯಾಯ. ಮಿತಿ ಮೀರಿ ಉಜ್ಜಿದರೆ ಹಲ್ಲಿನ ಜೀವಭಾಗ ಬಯಲಾಗುತ್ತದೆ, ಕಳೆದ ಹಲ್ಲು ಮರಳಿ ಬರುವುದಿಲ್ಲ. ಕುದುರೆಗೆ ಧನುರ್ವಾಯು ಬಲುಬೇಗ ತಗಲುವುದರಿಂದ ಅದರ ಲಸಿಕೆ ಮೊದಲೇ ಹಾಕಿಸಿರಬೇಕು. ತಾಲ್ಲೂಕಿನಲ್ಲಿ ಸಲಕರಣೆ ಇಲ್ಲದಿದ್ದರೆ ಬೀದರ, ಹೆಬ್ಬಾಳ, ಶಿವಮೊಗ್ಗ, ಹಾಸನದ ಪಶುವೈದ್ಯಕೀಯ ಕಾಲೇಜುಗಳಲ್ಲಿ ವಿಚಾರಿಸಬಹುದು. ನಾಲ್ಕೈದು ಟಾಂಗಾದವರು ಕೂಡಿ ಒಂದೇ ದಿನ ಗೊತ್ತುಮಾಡಿಕೊಂಡರೆ ಎಲ್ಲರಿಗೂ ಅನುಕೂಲ.

ವಯಸ್ಕ ಕುದುರೆಗೆ ವರ್ಷಕ್ಕೊಮ್ಮೆ ತಪಾಸಣೆ ಸಾಕು. ಎರಡೂವರೆಯಿಂದ ಐದು ವರ್ಷದೊಳಗೆ 24 ಹಾಲುಹಲ್ಲುಗಳು ಬಿದ್ದು ಹೊಸವು ಬರುವುದರಿಂದ ಆ ಅವಧಿಯಲ್ಲಿ ಆರು ತಿಂಗಳಿಗೊಮ್ಮೆ ನೋಡಿಸಬೇಕು. ಬೀಳದ ಹಾಲುಹಲ್ಲು ಟೋಪಿಯಂತೆ ಹೊಸ ಹಲ್ಲಿನ ಮೇಲೆ ಕುಳಿತು ಬಾಧಿಸುತ್ತದೆ. ಇದೇ ವಯಸ್ಸಿನಲ್ಲಿ ಮೇಲಿನ ಬಾಚಿಹಲ್ಲಿನ ಹಿಂದೆ ಅಂಗುಳು ಊದುವುದುಂಟು. ಅದನ್ನು ಕಾಯಿಸಿದ ಕಬ್ಬಿಣದಿಂದ ಸುಡುವ, ಚುಚ್ಚಿ ರಕ್ತ ತೆಗೆಯುವ ಹಳೆಯ ಪದ್ಧತಿ ಶುದ್ಧ ಹಿಂಸೆ. ಮೆತ್ತನೆಯ ಮೇವು ಕೊಟ್ಟರೆ ಅದು ತಾನಾಗಿ ಇಳಿಯುತ್ತದೆ. ಕಡಿವಾಣ ಹಾಕಿ ಪಳಗಿಸುವ ಮೊದಲು, ದವಡೆಹಲ್ಲಿನ ಸಾಲಿನ ಮುಂದೆ ಕೆಲವು ಕುದುರೆಗಳಿಗೆ ಮೂಡುವ ಚಿಕ್ಕ ಹಲ್ಲು ಇದೆಯೇ ಎಂದೂ ನೋಡಿಸಬೇಕು. ಕಡಿವಾಣ ತಾಗುವಂತಿದ್ದರೆ ವೈದ್ಯರು ಅದನ್ನು ಕಿತ್ತುಹಾಕುತ್ತಾರೆ.

ಇಪ್ಪತ್ತು ದಾಟಿದ ಕುದುರೆಗೂ ಆರು ತಿಂಗಳಿಗೊಮ್ಮೆ ಪರೀಕ್ಷೆ ಅವಶ್ಯ. ಹಲ್ಲು ಉದುರಿದ ಮುದಿ ಕುದುರೆಗೆ ಅರ ಹಾಕಿ ಪ್ರಯೋಜನವಿಲ್ಲ, ಮೇವನ್ನೇ ಬದಲಿಸಬೇಕು. ಎಳೆಯ ಹಸಿಹುಲ್ಲು, ಚೆನ್ನಾಗಿ ಬೇಯಿಸಿ ಹಿಸುಕಿದ ಹುರುಳಿ, ನೀರಿನಲ್ಲಿ ಗಂಜಿಯಂತೆ ನೆನೆಸಿದ ಗೋಧಿ ಬೂಸಾ ಇವನ್ನು ದಿನಕ್ಕೆ ನಾಲ್ಕು ಸಾರಿ ಸ್ವಲ್ಪ ಸ್ವಲ್ಪವಾಗಿ ಕೊಡಬೇಕು. ಬೂಸಾದಲ್ಲಿ ರಂಜಕ ಹೆಚ್ಚು, ಸುಣ್ಣದ ಅಂಶ ಕಡಿಮೆ. ಆದುದರಿಂದ ವೈದ್ಯರು ಹೇಳಿದ ಪ್ರಮಾಣದಲ್ಲಿ ಖನಿಜ ಮಿಶ್ರಣ ಸೇರಿಸಬೇಕು.

ಅರ ಹಾಕಿಸಿದ ಮೇಲೆ ಮಂಪರು ಪೂರ್ತಿ ಇಳಿಯುವವರೆಗೆ ಮೇವು ಇಡಬಾರದು. ಕೆನ್ನೆಯ ಹುಣ್ಣು ಮಾಯುವವರೆಗೆ ಕಡಿವಾಣಕ್ಕೆ ರಜೆ ಕೊಟ್ಟು, ನೆನೆಸಿದ ಮೆತ್ತನೆಯ ಮೇವು ಹಾಕಬೇಕು. ಆ ದಿನ ಕುದುರೆಯ ಎದೆಯ ಸುತ್ತಳತೆಯನ್ನು ಒಂದು ದಾರದಿಂದ ಅಳೆದು ಗಂಟು ಹಾಕಿಟ್ಟುಕೊಂಡು, ಮೇವು ಹೆಚ್ಚಿಸದೆ ಆರು ವಾರದ ನಂತರ ಅದೇ ದಾರದಿಂದ ಮತ್ತೆ ಅಳೆದು ನೋಡಬಹುದು.