ಎಂಜಿನ್ ಎತ್ತುವ ಮುಂಚೆ ಒಂದು ಮಾತು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆ ಗ್ಯಾರೇಜ್ ನಡೆಸುವ ತಮ್ಮಂದಿರೇ, ಬೇವಿನ ಕೊಂಬೆಗೆ ಚೈನ್ ಬ್ಲಾಕ್ ಕಟ್ಟಿ ಎಂಜಿನ್ ಇಳಿಸಿದ್ದು ಸಾಕು. ಒಂದು ಎಂಜಿನ್ ಕ್ರೇನ್ ತಗೊಳ್ಳಿ.

ಆದರೆ ‘2 ಟನ್’ ಅನ್ನುವ ಸ್ಟಿಕ್ಕರ್ ನೋಡಿದ ಕೂಡಲೇ ದುಡ್ಡು ಎಣಿಸಬೇಡಿ. ತೋಳಿನಲ್ಲಿರುವ ತೂತುಗಳನ್ನು ನೋಡಿ. ತೋಳು ಪೂರ್ತಿ ಒಳಗಿದ್ದಾಗ ಮಾತ್ರ 2 ಟನ್. ಹೊರಗೆಳೆದಂತೆಲ್ಲ ತಾಕತ್ತು ಇಳಿಯುತ್ತಾ, ಕೊನೆಯ ತೂತಿಗೆ ಸಾಮಾನ್ಯವಾಗಿ ಅರ್ಧ ಟನ್ನಷ್ಟೇ ಉಳಿಯುತ್ತದೆ. ಜೀಪಿನ ಡೀಸೆಲ್ ಎಂಜಿನ್ ಗೇರ್‌ಬಾಕ್ಸ್ ಸಮೇತ 200 ಕಿಲೋ ಸುಲಭವಾಗಿ ದಾಟುತ್ತದೆ, ಅದನ್ನು ಎತ್ತುವುದೂ ಹೆಚ್ಚಾಗಿ ತೋಳು ಚಾಚಿಯೇ. ಅಗ್ಗಕ್ಕೆ ಸಿಕ್ಕರೂ 1 ಟನ್ನಿನದು ಬೇಡ.

ನಮ್ಮ ಶೆಡ್ಡುಗಳಲ್ಲಿ ಮಣ್ಣುನೆಲ, ಇಲ್ಲವೇ ಬಂಡೆ ಹಾಸು. ಬಂಡೆಗಳ ಸಂದಿಗೆ ಸಣ್ಣ ಚಕ್ರ ಸಿಕ್ಕಿತೋ, ತೂಗುವ ಎಂಜಿನ್ ಜೋಲಿ ಹೊಡೆದು ಕ್ರೇನನ್ನೇ ಕೆಡವುತ್ತದೆ. ಮೊದಲು ನೆಲಕ್ಕೆ ಕಾಂಕ್ರೀಟ್ ಹಾಕಿಸಿ, ಆಮೇಲೆ ಕ್ರೇನ್.

ಎತ್ತಲು ಗಟ್ಟಿ ಸರಪಳಿಯೇ ಇರಲಿ, ಟ್ರ್ಯಾಕ್ಟರ್ ಎಳೆದ ಹಳೇ ಹಗ್ಗ ಬೇಡವೇ ಬೇಡ. ಎರಡು ಪಂಪು ಹೊಡೆದು ನಿಲ್ಲಿ. ಎಂಜಿನ್ನಿನ ಜೊತೆ ಗಾಡಿಯ ಮೂತಿಯೂ ಮೇಲೇಳುತ್ತಿದ್ದರೆ ಎಲ್ಲೋ ಒಂದು ಬೋಲ್ಟ್ ಉಳಿದಿದೆ ಅಂತ. ಎಂಜಿನ್ ಗಾಡಿಯಿಂದ ಆಚೆ ಬಂದ ಕೂಡಲೇ ನೆಲಕ್ಕೆ ಗೇಣುದ್ದ ಉಳಿಯುವಷ್ಟು ಇಳಿಸಿ, ಆಮೇಲೆ ದೂಡಿ. ಇಳಿಸುವ ವಾಲ್ವನ್ನು ಕೂದಲೆಳೆಯಷ್ಟೇ ತಿರುಗಿಸಿ.

ಕೆಲಸ ಕಲಿಯಲು ಬಂದ ಹುಡುಗ ಬಿದ್ದ ಸ್ಪ್ಯಾನರ್ ಎತ್ತಿಕೊಳ್ಳಲು ತೂಗುವ ಎಂಜಿನ್ನಿನಡಿ ಕೈ ಹಾಕುತ್ತಾನೆ. ಅವನ ಮೇಲೊಂದು ಕಣ್ಣಿರಲಿ. ಸ್ಪ್ಯಾನರ್ ಅಲ್ಲೇ ಬಿದ್ದಿರಲಿ ಬಿಡಿ.