ಯಾವ ಜಾಲದ ಕಾರ್ಡ್ ತೆಗೆದುಕೊಳ್ಳಲಿ?

ಪ್ರಶ್ನೆ: ಕ್ರೆಡಿಟ್ ಕಾರ್ಡಿಗೆ ವೀಸಾ, ಮಾಸ್ಟರ್‌ಕಾರ್ಡ್, ರುಪೇ– ಯಾವುದು ಬೇಕೆಂದು ಬ್ಯಾಂಕಿನವರು ಕೇಳುತ್ತಿದ್ದಾರೆ. ಯಾವುದು ಒಳ್ಳೆಯದು?

ಉತ್ತರ: ನಿಮಗೆ ಸಾಲ ಕೊಡುವುದು ಈ ಕಂಪನಿಗಳಲ್ಲ, ಬ್ಯಾಂಕು. ಬಡ್ಡಿ, ವಾರ್ಷಿಕ ಶುಲ್ಕ, ಸಾಲದ ಮಿತಿಯನ್ನು ನಿರ್ಧರಿಸುವುದೂ ಅದೇ. ಈ ಮೂರೂ ಅಂಗಡಿಗೂ ಬ್ಯಾಂಕಿಗೂ ನಡುವಿನ ಪಾವತಿ ಜಾಲಗಳು. ಅಮೆರಿಕನ್ ಎಕ್ಸ್‌ಪ್ರೆಸ್ ಮಾತ್ರ ನಮ್ಮಲ್ಲಿ ಕಾರ್ಡನ್ನೂ ತಾನೇ ಕೊಡುತ್ತದೆ. ಸಣ್ಣ ಅಂಗಡಿಗಳಲ್ಲಿ ಅದು ನಡೆಯದಿರಬಹುದು.

ಊರಲ್ಲೇ ಹೆಚ್ಚು ಖರ್ಚು ಮಾಡುವವರಾದರೆ ರುಪೇ ಆರಿಸಿ. 2022ರಲ್ಲಿ ಆರ್‌ಬಿಐ ಅನುಮತಿ ಕೊಟ್ಟ ಮೇಲೆ ಅದನ್ನು ಯುಪಿಐಗೆ ಜೋಡಿಸಿ, ಅಂಗಡಿಯ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿಯೇ ಹಣ ಕೊಡಬಹುದು; ಸ್ನೇಹಿತರಿಗೆ ಕಳಿಸಲು ಮಾತ್ರ ಆಗದು. ಆಗಾಗ ವಿದೇಶಕ್ಕೆ ಹೋಗುವವರಿಗೆ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಅನುಕೂಲ. ಅವೆರಡರ ನಡುವೆ ಹೆಚ್ಚು ವ್ಯತ್ಯಾಸವಿಲ್ಲ.

ಯಾವುದೇ ಆದರೂ ಬಿಲ್ಲಿನ ಪೂರ್ತಿ ಮೊತ್ತವನ್ನು ಗಡುವಿನೊಳಗೆ ಕಟ್ಟಿ. ಕನಿಷ್ಠ ಮೊತ್ತವಷ್ಟೇ ಕಟ್ಟಿದರೆ ಬಡ್ಡಿ ಬೆಳೆಯುತ್ತಲೇ ಹೋಗುತ್ತದೆ.